9.8 ಲೀಟರ್ ಟ್ಯಾಂಕಿಗೆ 10.3 ಲೀಟರ್ ಪೆಟ್ರೋಲ್: ಬಂಕಿನ ಮೋಸವೇ, ಟ್ಯಾಂಕಿನ ಲೆಕ್ಕವೇ?

‘ನನ್ನ ಬೈಕಿನ ಟ್ಯಾಂಕ್ 9.8 ಲೀಟರ್. ಬಂಕಿನವರು 10.3 ಲೀಟರ್ ಹಾಕಿ ದುಡ್ಡು ಕಿತ್ತುಕೊಂಡಿದ್ದಾರೆ. ಬಿಲ್ ನೋಡಿ, ಎಲ್ಲರಿಗೂ ಕಳಿಸಿ.’

ಇಂಥದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬೈಕಿನ ಹೆಸರು, ಊರಿನ ಹೆಸರು, ಲೀಟರಿನ ಅಂಕಿ ಬದಲಾಗುತ್ತವೆ. ‘ಬಂಕಿನವರು ಕಳ್ಳರು’ ಎಂಬ ತೀರ್ಮಾನ ಮಾತ್ರ ಬದಲಾಗುವುದಿಲ್ಲ. ಇದಕ್ಕೆ ಉತ್ತರವಾಗಿ ಇನ್ನೊಂದು ಸಂದೇಶವೂ ಓಡಾಡುತ್ತದೆ: ‘ಟ್ಯಾಂಕ್ ಯಾವಾಗಲೂ ಕಂಪನಿ ಹೇಳಿದ್ದಕ್ಕಿಂತ ಹೆಚ್ಚೇ ಹಿಡಿಯುತ್ತದೆ, ಮೋಸವೇನೂ ಇಲ್ಲ.’ ಮೂರನೆಯದು ಸಂದೇಶವಲ್ಲ, ಬಂಕಿನ ಮುಂದೆಯೇ ಕೇಳಿಬರುವ ಮಾತು: ‘ನೂರು ರೂಪಾಯಿ ಹಾಕಿಸಿದೆ, ಮುಳ್ಳು ಅಲ್ಲಾಡಲೇ ಇಲ್ಲ.’

ಈ ಮೂರರಲ್ಲಿ ಯಾವುದು ನಿಜ? ಚಿಕ್ಕಬಳ್ಳಾಪುರ ಜಿಲ್ಲೆಯ ದಾರಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ಮೊದಲಿಗೆ ಚಿಕ್ಕ ಉತ್ತರ

- ಕಂಪನಿ ಹೇಳಿದ ಅಳತೆಗಿಂತ ಟ್ಯಾಂಕ್ ಸ್ವಲ್ಪ ಹೆಚ್ಚು ಪೆಟ್ರೋಲ್ ಹಿಡಿಯುವುದು ಸಹಜ. ಅದೊಂದರಿಂದಲೇ ಮೋಸ ಸಾಬೀತಾಗುವುದಿಲ್ಲ.
- ಆದರೆ ‘ಟ್ಯಾಂಕ್ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಮೋಸ ಇಲ್ಲ’ ಎಂಬ ಮಾತೂ ಸರಿಯಲ್ಲ. ಕಡಿಮೆ ಪೆಟ್ರೋಲ್ ಹಾಕಿದ ಪ್ರಕರಣಗಳು ನಮ್ಮ ದೇಶದಲ್ಲಿ ಸಿಕ್ಕಿಬಿದ್ದಿವೆ.
- ಬೈಕಿನ ಟ್ಯಾಂಕ್ ಅಳತೆಯ ಪಾತ್ರೆಯಲ್ಲ. ಮೀಟರಿನ ಮುಳ್ಳು ತಕ್ಕಡಿಯ ಮುಳ್ಳಲ್ಲ. ಎರಡೂ ಅಂದಾಜು ಹೇಳುತ್ತವೆ.
- ಬಂಕಿನ ಅಳತೆ ಸರಿಯೇ ಎಂದು ತಿಳಿಯಲು ಅಲ್ಲೇ ಇರುವ, ಸರ್ಕಾರಿ ಮುದ್ರೆ ಬಿದ್ದ 5 ಲೀಟರ್ ಅಳತೆ ಪಾತ್ರೆಯನ್ನು ಕೇಳಬೇಕು. ಅದನ್ನು ಕೇಳುವ ಹಕ್ಕು ಗ್ರಾಹಕರಿಗಿದೆ.

ನಾಲ್ಕು ಊರು, ಒಂದು ದಾರಿ

ಮಧುಗಿರಿ ಕಡೆಯಿಂದ ಬರುವ ಹೆದ್ದಾರಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಊರುಗಳನ್ನು ದಾಟಿ ಮುಳಬಾಗಿಲಿನ ಕಡೆಗೆ ಹೋಗುತ್ತದೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗಾಗಲಿ, ಚಿಂತಾಮಣಿಗಾಗಲಿ ಸುಮಾರು 35ರಿಂದ 40 ಕಿ.ಮೀ. ಈ ದಾರಿಯಲ್ಲಿ ಬೈಕ್ ಎಂದರೆ ಬರೀ ಓಡಾಟದ ಗಾಡಿಯಲ್ಲ. ಬೆಳಗಿನ ಜಾವ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ಹೋಗುವುದು, ಡೇರಿಗೆ ಹಾಲಿನ ಕ್ಯಾನ್ ಹೋಗುವುದು, ಸೊಪ್ಪು ತರಕಾರಿ ಸಂತೆಗೆ ಹೋಗುವುದು ಎಷ್ಟೋ ಸಲ ಬೈಕಿನ ಮೇಲೆಯೇ. ಹಳ್ಳಿಯಿಂದ ಹೊರಟ ಗಾಡಿ ಕತ್ತಲಲ್ಲಿ, ಹತ್ತಿರದಲ್ಲಿ ಬಂಕ್ ಇಲ್ಲದ ಕಡೆ ನಿಂತರೆ ಆ ದಿನದ ವ್ಯಾಪಾರವೇ ಕೈತಪ್ಪಬಹುದು.

ಗೌರಿಬಿದನೂರಿನ ಕಡೆ ಇನ್ನೊಂದು ವಿಶೇಷವಿದೆ. ಅಲ್ಲಿಂದ ಆಂಧ್ರದ ಹಿಂದೂಪುರ ಹತ್ತಿರ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಆಮೇಲೂ ಇಲ್ಲಿನ ದರ ಆಂಧ್ರದ ದರಕ್ಕಿಂತ ಕಡಿಮೆಯೇ ಇತ್ತು. ಹೀಗಾಗಿ ಗಡಿ ದಾಟುವ ಮೊದಲು ‘ಫುಲ್ ಮಾಡಿ’ ಎನ್ನುವುದು ಸಹಜ. ಟ್ಯಾಂಕಿನ ಬಾಯಿ ಮಟ್ಟ ತುಂಬಿಸಿದಾಗಲೇ ಬಿಲ್ಲಿನ ಅಂಕಿ ಮತ್ತು ಕಂಪನಿಯ ಅಂಕಿ ಹೊಂದದೆ ಜಗಳ ಶುರುವಾಗುವುದು.

ಕಂಪನಿ ಹೇಳುವ ‘ಲೀಟರ್’ ಎಂದರೆ ಎಷ್ಟು?

ಹೀರೋ ಸ್ಪ್ಲೆಂಡರ್ ಪ್ಲಸ್ ಬೈಕಿನ ಈಗಿನ ಮಾದರಿಗೆ ಕಂಪನಿ ಹೇಳುವ ಅಳತೆ 9.8 ಲೀಟರ್. ಹೋಂಡಾ ಆಕ್ಟಿವಾ 6ಜಿಗೆ 5.3 ಲೀಟರ್. ಟಿವಿಎಸ್ ಎಕ್ಸೆಲ್ 100ಕ್ಕೆ 4 ಲೀಟರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 13 ಲೀಟರ್. ಒಂದೇ ಹೆಸರಿನ ಬೈಕಿನಲ್ಲೂ ವರ್ಷದಿಂದ ವರ್ಷಕ್ಕೆ ಟ್ಯಾಂಕ್ ಬದಲಾಗುತ್ತದೆ. ಹಳೆಯ ಸ್ಪ್ಲೆಂಡರ್ ಪ್ಲಸ್‌ನ ಟ್ಯಾಂಕ್ ಈಗಿನದಕ್ಕಿಂತ ದೊಡ್ಡದಿತ್ತು. ಆದ್ದರಿಂದ ಮೊದಲ ಕೆಲಸ, ಅಂತರ್ಜಾಲದಲ್ಲಿ ಸಿಕ್ಕ ಅಂಕಿಯನ್ನು ಬಿಟ್ಟು ನಿಮ್ಮ ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ನೋಡುವುದು.

ಈ ಅಂಕಿ ಟ್ಯಾಂಕಿನ ಬಾಯಿಯ ಅಂಚಿನವರೆಗಿನ ಅಳತೆಯಲ್ಲ. ಮುಚ್ಚಳ ತೆಗೆದು ನೋಡಿದರೆ ಒಳಗೆ ಕೊಳವೆಯಂಥ ಒಂದು ಕುತ್ತಿಗೆ ಕಾಣುತ್ತದೆ. ಆ ಕುತ್ತಿಗೆಯ ಕೆಳ ಅಂಚು ಮುಟ್ಟಿದರೆ ಸಾಕು, ಅದಕ್ಕಿಂತ ಮೇಲೆ ತುಂಬಿಸಬೇಡಿ ಎಂದು ಬಹುತೇಕ ಕಂಪನಿಗಳ ಪುಸ್ತಕ ಹೇಳುತ್ತದೆ. ಮೇಲಿನ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ.

ಯಾಕೆ? ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಗಾತ್ರ ಸುಮಾರು ಸಾವಿರದಲ್ಲಿ ಒಂದು ಪಾಲು ಹೆಚ್ಚುತ್ತದೆ. ಬಂಕಿನ ನೆಲದಡಿಯ ಟ್ಯಾಂಕಿನಿಂದ ತಂಪಾಗಿ ಬಂದ 10 ಲೀಟರ್ ಪೆಟ್ರೋಲ್ ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ 15 ಡಿಗ್ರಿ ಹೆಚ್ಚು ಕಾದರೆ ಸುಮಾರು 150 ಮಿ.ಲೀ.ನಷ್ಟು ಹಿಗ್ಗುತ್ತದೆ. ಒಂದು ದೊಡ್ಡ ಲೋಟ ಚಹಾದಷ್ಟು. ಜಾಗ ಇಲ್ಲದಿದ್ದರೆ ಅದು ಮುಚ್ಚಳದ ಕಡೆಯಿಂದ ಹೊರಗೆ ಬರುತ್ತದೆ. ಆ ಜಾಗವನ್ನೂ ತುಂಬಿಸಿದರೆ ಬಿಲ್ಲಿನಲ್ಲಿ ಕಂಪನಿಯ ಅಂಕಿಗಿಂತ ಹೆಚ್ಚು ಲೀಟರ್ ಬರಲೇಬೇಕು. ಎಷ್ಟು ಹೆಚ್ಚು ಎಂಬುದು ಟ್ಯಾಂಕಿನ ಆಕಾರವನ್ನು ಅವಲಂಬಿಸಿದೆ, ಮಾದರಿಯಿಂದ ಮಾದರಿಗೆ ಬೇರೆ.

ಒಂದೇ ಬಿಲ್, ಎರಡು ಅರ್ಥ

ಈಗ ಮೊದಲಿನ ಸಂದೇಶಕ್ಕೆ ಬರೋಣ. ಟ್ಯಾಂಕ್ 9.8 ಲೀಟರ್, ಬಿಲ್ 10.3 ಲೀಟರ್. ವ್ಯತ್ಯಾಸ ಅರ್ಧ ಲೀಟರ್.

ಒಂದು ಸಾಧ್ಯತೆ: ಬಂಕಿನ ಯಂತ್ರ ಸರಿಯಾಗಿದೆ, ಟ್ಯಾಂಕಿನ ಬಾಯಿ ಮಟ್ಟ ತುಂಬಿಸಿದ್ದಾರೆ, ಖಾಲಿ ಬಿಡಬೇಕಾದ ಜಾಗಕ್ಕೂ ಪೆಟ್ರೋಲ್ ಹೋಗಿದೆ. ಮೋಸ ಇಲ್ಲ.

ಇನ್ನೊಂದು ಸಾಧ್ಯತೆ: ಯಂತ್ರ ಶೇ 5ರಷ್ಟು ಕಡಿಮೆ ಹಾಕುತ್ತಿದೆ. ಆಗ 10.3 ಲೀಟರ್ ಎಂದು ತೋರಿಸಿದಾಗ ಟ್ಯಾಂಕಿಗೆ ಬಿದ್ದದ್ದು ಸುಮಾರು 9.78 ಲೀಟರ್. ಅದು ಕೂಡ 9.8 ಲೀಟರ್ ಟ್ಯಾಂಕಿಗೆ ಸರಿಯಾಗಿ ಹೊಂದುತ್ತದೆ!

ಒಂದೇ ಬಿಲ್ ಎರಡೂ ಕಥೆಗೆ ಹೊಂದುತ್ತದೆ ಎಂದರೆ ಆ ಬಿಲ್ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಬಂಕಿನವರನ್ನು ಕಳ್ಳರೆನ್ನುವ ಸಂದೇಶ ತಪ್ಪುವುದು ಇಲ್ಲಿ. ‘ಮೋಸ ಇಲ್ಲವೇ ಇಲ್ಲ’ ಎನ್ನುವ ಉತ್ತರ ತಪ್ಪುವುದೂ ಇಲ್ಲೇ. ಟ್ಯಾಂಕ್ ಪೂರ್ತಿ ಒಣಗಿತ್ತೇ ಎಂಬುದೂ ಸಾಮಾನ್ಯವಾಗಿ ಯಾರಿಗೂ ಗೊತ್ತಿರುವುದಿಲ್ಲ. ರಿಸರ್ವ್‌ಗೆ ಬಂದ ಗಾಡಿಯಲ್ಲೂ ಒಂದು ಲೀಟರಿನ ಆಸುಪಾಸು ಉಳಿದಿರಬಹುದು.

ಆದರೆ ವ್ಯತ್ಯಾಸ ತೀರಾ ದೊಡ್ಡದಾಗಿದ್ದರೆ, ಉದಾಹರಣೆಗೆ 9.8 ಲೀಟರ್ ಟ್ಯಾಂಕಿಗೆ ಬಿಲ್ 13 ಲೀಟರ್ ತೋರಿಸಿದರೆ, ‘ಟ್ಯಾಂಕ್ ಹೆಚ್ಚು ಹಿಡಿಯುತ್ತದೆ’ ಎಂದು ಸುಮ್ಮನಾಗಬೇಕಿಲ್ಲ. ಅಳತೆ ಪರೀಕ್ಷೆ ಕೇಳಲು ಅದು ಸಾಕಷ್ಟು ಕಾರಣ.

ಅನುಮಾನಕ್ಕೆ ಆಧಾರವೇ ಇಲ್ಲ ಎಂದಲ್ಲ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ವಿಶೇಷ ಪೊಲೀಸ್ ಪಡೆ ಲಖನೌದ ಪೆಟ್ರೋಲ್ ಬಂಕ್‌ಗಳ ಮೇಲೆ ದಾಳಿ ಮಾಡಿದಾಗ, ಯಂತ್ರದೊಳಗೆ ಅಡಗಿಸಿಟ್ಟ ಎಲೆಕ್ಟ್ರಾನಿಕ್ ಚಿಪ್ ಮತ್ತು ಅದನ್ನು ನಡೆಸುವ ರಿಮೋಟ್ ಸಿಕ್ಕಿದವು. ಇಂಥ ಮೋಸದಲ್ಲಿ ಲೀಟರಿಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಬೀಳುತ್ತದೆ. ಕಣ್ಣಿಗೆ ಕಾಣದು, ಮುಳ್ಳಿಗೂ ತಿಳಿಯದು. ಅಳತೆ ಪಾತ್ರೆಗೆ ಮಾತ್ರ ಗೊತ್ತಾಗುತ್ತದೆ.

ಮುಳ್ಳು ಹೇಗೆ ಕೆಲಸ ಮಾಡುತ್ತದೆ?

ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನೋಡಿದ್ದೀರಲ್ಲ? ನೀರು ಏರಿದಂತೆ ಅದೂ ಏರುತ್ತದೆ. ಬೈಕಿನ ಟ್ಯಾಂಕಿನಲ್ಲೂ ಅಂಥದೇ ಒಂದು ಫ್ಲೋಟ್ ಇರುತ್ತದೆ. ಅದಕ್ಕೆ ಒಂದು ತೆಳ್ಳನೆಯ ತಂತಿಯ ಕೈ. ಕೈಯ ಇನ್ನೊಂದು ತುದಿ ವಿದ್ಯುತ್ ಹರಿಯುವ ಒಂದು ಪಟ್ಟಿಯ ಮೇಲೆ ಉಜ್ಜುತ್ತಾ ಜಾರುತ್ತದೆ. ಕೈ ಎಲ್ಲಿದೆ ಎಂಬುದರ ಮೇಲೆ ವಿದ್ಯುತ್ತಿಗೆ ಆಗುವ ತಡೆ ಹೆಚ್ಚು ಕಡಿಮೆಯಾಗುತ್ತದೆ. ಆ ಬದಲಾವಣೆಯನ್ನೇ ಮುಂದಿನ ಮೀಟರ್ ಮುಳ್ಳಾಗಿಯೋ ಡಿಜಿಟಲ್ ಕಡ್ಡಿಗಳಾಗಿಯೋ ತೋರಿಸುತ್ತದೆ.

ಗಮನಿಸಬೇಕಾದ ಮಾತೆಂದರೆ, ಫ್ಲೋಟ್ ಅಳೆಯುವುದು ಪೆಟ್ರೋಲಿನ ಮಟ್ಟವನ್ನು, ಲೀಟರನ್ನು ಅಲ್ಲ. ಟ್ಯಾಂಕ್ ಚೌಕಾಕಾರದ ಡಬ್ಬಿಯಾಗಿದ್ದರೆ ಎರಡೂ ಒಂದೇ ಆಗುತ್ತಿತ್ತು. ಆದರೆ ಗೇರ್ ಬೈಕಿನ ಟ್ಯಾಂಕ್ ಕುದುರೆಯ ಮೇಲಿನ ಜೀನಿನಂತೆ ಚಾಸಿಯ ನಡುಕೊಳವೆಯ ಮೇಲೆ ಕೂತಿರುತ್ತದೆ. ಮೇಲ್ಭಾಗ ಅಗಲ, ಕೆಳಗೆ ಎಡಕ್ಕೊಂದು ಬಲಕ್ಕೊಂದು ಜೇಬು. ಮೇಲಿನ ಒಂದು ಸೆಂಟಿಮೀಟರ್ ಮಟ್ಟದಲ್ಲಿ ಹಿಡಿಯುವಷ್ಟು ಪೆಟ್ರೋಲ್ ಕೆಳಗಿನ ಒಂದು ಸೆಂಟಿಮೀಟರಿನಲ್ಲಿ ಹಿಡಿಯುವುದಿಲ್ಲ. ‘ಅರ್ಧದವರೆಗೆ ನಿಧಾನ ಇಳಿಯಿತು, ಆಮೇಲೆ ಸರ್ರನೆ ಇಳಿದುಬಿಟ್ಟಿತು’ ಎಂದು ಹಲವರು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ, ಫ್ಲೋಟ್ ಟ್ಯಾಂಕಿನ ಚಾವಣಿಯನ್ನೂ ಮುಟ್ಟುವುದಿಲ್ಲ, ತಳವನ್ನೂ ಮುಟ್ಟುವುದಿಲ್ಲ. ಫುಲ್ ಮಾಡಿಸಿದ ಮೇಲೆ ಎಷ್ಟೋ ಕಿ.ಮೀ. ಓಡಿದರೂ ಮುಳ್ಳು ‘ಎಫ್’ ಬಿಟ್ಟು ಕದಲದಿರುವುದು ಇದರಿಂದಲೇ. ಹಾಗೆಯೇ ‘ಇ’ ಮುಟ್ಟಿದ ಮೇಲೂ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಎಷ್ಟು ಉಳಿದಿದೆ ಎಂದು ಮಾತ್ರ ಮುಳ್ಳು ಹೇಳಲಾರದು.

ವಯಸ್ಸಾದ ಗಾಡಿಯಲ್ಲಿ ಆ ಪಟ್ಟಿ ಸವೆಯುತ್ತದೆ, ಕೊಳೆ ಕೂರುತ್ತದೆ. ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದರೆ ಟ್ಯಾಂಕ್ ತುಂಬಿದ್ದರೂ ಮೀಟರ್ ‘ಖಾಲಿ’ ಎನ್ನುತ್ತದೆ. ಫ್ಲೋಟ್ ಸಿಕ್ಕಿಹಾಕಿಕೊಂಡರೆ ಖಾಲಿಯಾಗುತ್ತಿದ್ದರೂ ‘ಇದೆ’ ಎನ್ನುತ್ತದೆ. ಅಪಾಯ ಈ ಎರಡನೆಯದರಲ್ಲೇ ಹೆಚ್ಚು. ಇನ್ನು ಕೆಲವು ಗಾಡಿಗಳಿಗೆ ಮೀಟರೇ ಇರಲಿಲ್ಲ. 2021ರ ಹೊಸ ಮಾದರಿ ಬರುವವರೆಗೂ ಕ್ಲಾಸಿಕ್ 350 ಬೈಕಿನಲ್ಲಿ ಪೆಟ್ರೋಲ್ ಮುಳ್ಳು ಇರಲಿಲ್ಲ; ಕಡಿಮೆಯಾದಾಗ ಉರಿಯುವ ದೀಪ ಮಾತ್ರ.

ನೂರು ರೂಪಾಯಿ ಹಾಕಿಸಿದರೂ ಕಡ್ಡಿ ಏರಲಿಲ್ಲ, ಯಾಕೆ?

ಲೆಕ್ಕ ಹಾಕೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದುಕೊಳ್ಳಿ. 100 ರೂಪಾಯಿಗೆ ಬರುವುದು ಸುಮಾರು 970 ಮಿ.ಲೀ. ಗಾಡಿಯ ಟ್ಯಾಂಕ್ 10 ಲೀಟರ್, ಮೀಟರಿನಲ್ಲಿ 6 ಕಡ್ಡಿ ಇದ್ದರೆ ಒಂದೊಂದು ಕಡ್ಡಿಯ ಪಾಲು ಸರಾಸರಿ 1.6 ಲೀಟರಿಗೂ ಹೆಚ್ಚು. ಅಂದರೆ ನೂರು ರೂಪಾಯಿಯ ಪೆಟ್ರೋಲ್ ಒಂದು ಕಡ್ಡಿಗೂ ಸಾಲದು. ಟ್ಯಾಂಕ್ ತಳದಲ್ಲಿದ್ದಾಗ ಹಾಕಿಸಿದರೆ ಫ್ಲೋಟ್ ಏಳುವಷ್ಟು ಮಟ್ಟವೂ ಬಾರದಿರಬಹುದು.

ಇದರ ಜೊತೆಗೆ ಡಿಜಿಟಲ್ ಮೀಟರ್‌ಗಳು ಬೇಕೆಂದೇ ನಿಧಾನವಾಗಿ ಬದಲಾಗುತ್ತವೆ. ಹಳ್ಳ ದಿಣ್ಣೆಯಲ್ಲಿ ಪೆಟ್ರೋಲ್ ತುಳುಕಿದಾಗಲೆಲ್ಲ ಕಡ್ಡಿ ಕುಣಿಯಬಾರದು ಎಂದು ಸ್ವಲ್ಪ ಹೊತ್ತಿನ ಸರಾಸರಿ ತೆಗೆದುಕೊಂಡು ತೋರಿಸುತ್ತವೆ. ಆದ್ದರಿಂದ ಹಾಕಿಸಿದ ಕ್ಷಣದಲ್ಲೇ ಕೀ ತಿರುಗಿಸಿ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ. ಕಾನೂನು ಬಂಕಿನ ಯಂತ್ರಕ್ಕೆ ಒಪ್ಪುವ ವ್ಯತ್ಯಾಸ ಶೇ 0.5, ಅಂದರೆ ಒಂದು ಲೀಟರಿಗೆ 5 ಮಿ.ಲೀ. ಇಷ್ಟು ಸಣ್ಣ ಲೆಕ್ಕವನ್ನು ಕಡ್ಡಿ ಮೀಟರಿನಿಂದ ತಪಾಸಣೆ ಮಾಡುವುದು, ಬೆಳ್ಳಿ ತೂಗಲು ಮೂಟೆ ತಕ್ಕಡಿ ತಂದಂತೆ.

‘100, 200 ಹಾಕಿಸಬೇಡಿ, 110, 210 ಹಾಕಿಸಿ; ದುಂಡು ಮೊತ್ತಕ್ಕೆ ಯಂತ್ರದಲ್ಲಿ ಮೊದಲೇ ಮೋಸ ಇಟ್ಟಿರುತ್ತಾರೆ’ ಎಂಬ ಸಲಹೆಯೂ ಪ್ರಸಿದ್ಧ. ಯಂತ್ರ ಹರಿದ ಪೆಟ್ರೋಲನ್ನು ಅಳೆದು ಅದಕ್ಕೆ ದರ ಗುಣಿಸಿ ಮೊತ್ತ ತೋರಿಸುತ್ತದೆ. ಮೊತ್ತದ ಗುಂಡಿ ಒತ್ತಿದರೆ ಎಲ್ಲಿ ನಿಲ್ಲಬೇಕು ಎಂಬುದಷ್ಟೇ ತೀರ್ಮಾನವಾಗುತ್ತದೆ. ಅಳತೆಯೇ ಕೆಟ್ಟಿದ್ದರೆ 110 ರೂಪಾಯಿಗೂ ನಷ್ಟ, ಅಳತೆ ಸರಿಯಿದ್ದರೆ 100 ರೂಪಾಯಿಗೂ ನಷ್ಟವಿಲ್ಲ. ಯಂತ್ರ ಸೊನ್ನೆಯಿಂದ ಶುರುವಾಯಿತೇ ಎಂದು ನೋಡುವುದು ಇದಕ್ಕಿಂತ ಉಪಯೋಗದ ಅಭ್ಯಾಸ.

ಸೈಡ್ ಸ್ಟ್ಯಾಂಡ್ ಮತ್ತು ನಂದಿ ಬೆಟ್ಟದ ಏರು

ಸೈಡ್ ಸ್ಟ್ಯಾಂಡ್ ಹಾಕಿದ ಬೈಕ್ ಎಡಕ್ಕೆ ವಾಲುತ್ತದೆ. ಒಳಗಿನ ಪೆಟ್ರೋಲೂ ಎಡಕ್ಕೆ ಸರಿಯುತ್ತದೆ. ಫ್ಲೋಟ್ ಯಾವ ಬದಿಯಲ್ಲಿದೆ ಎಂಬುದರ ಮೇಲೆ ಮೀಟರ್ ಹೆಚ್ಚೋ ಕಡಿಮೆಯೋ ತೋರಿಸುತ್ತದೆ. ಮೀಟರ್ ನೋಡಬೇಕೆಂದರೆ ಗಾಡಿ ಸಮ ನೆಲದಲ್ಲಿ ನೆಟ್ಟಗೆ ನಿಂತಿರಬೇಕು. ಡಬಲ್ ಸ್ಟ್ಯಾಂಡ್ ಇದ್ದರೆ ಹಾಕಿ, ಇಲ್ಲದಿದ್ದರೆ ಸೀಟಿನ ಮೇಲೆ ಕೂತು ನೇರ ಹಿಡಿದು ಒಂದೆರಡು ನಿಮಿಷ ಬಿಟ್ಟು ನೋಡಿ.

ಏರು ಇಳುಕಲಿನಲ್ಲೂ ಹೀಗೆಯೇ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಏರುವಾಗ ಪೆಟ್ರೋಲ್ ಟ್ಯಾಂಕಿನ ಹಿಂಬದಿಗೆ ಸರಿಯುತ್ತದೆ, ಇಳಿಯುವಾಗ ಮುಂಬದಿಗೆ. ಎಷ್ಟೋ ಬೈಕುಗಳಲ್ಲಿ ಎಂಜಿನ್‌ಗೆ ಪೆಟ್ರೋಲ್ ಹೋಗುವ ಜಾಗ ಟ್ಯಾಂಕಿನ ಹಿಂಬದಿಯ ತಗ್ಗಿನಲ್ಲಿರುತ್ತದೆ. ಪೆಟ್ರೋಲ್ ತೀರಾ ಕಡಿಮೆ ಇದ್ದಾಗ ಏರಿನಲ್ಲಿ ಸರಾಗವಾಗಿ ಹೋದ ಗಾಡಿ ಇಳುಕಲಿನಲ್ಲಿ ಮುಕ್ಕರಿಸಿ ನಿಲ್ಲಬಹುದು. ತಿರುವಿನಲ್ಲಿ ಹೀಗಾದರೆ ಅಪಾಯ. ಬೆಟ್ಟ ಹತ್ತುವ ಮುನ್ನವೇ ಪೆಟ್ರೋಲ್ ಹಾಕಿಸಿಕೊಳ್ಳುವುದು ಒಳ್ಳೆಯದು.

ರಿಸರ್ವ್ ಎಂದರೆ ಬೇರೆ ಟ್ಯಾಂಕ್ ಅಲ್ಲ

ರಿಸರ್ವ್‌ಗೆ ಟ್ಯಾಂಕಿನೊಳಗೆ ಇನ್ನೊಂದು ಚಿಕ್ಕ ಟ್ಯಾಂಕ್ ಇದೆ ಎಂದು ಹಲವರು ನಂಬಿದ್ದಾರೆ. ಇಲ್ಲ. ಹಳೆಯ ಕಾರ್ಬ್ಯುರೇಟರ್ ಬೈಕಿನ ಕಾಕ್‌ಗೆ ಒಳಗೆ ಎರಡು ಬಾಯಿ. ಒಂದು ಎತ್ತರದ ಕೊಳವೆ, ಇನ್ನೊಂದು ತಳದ ಹತ್ತಿರ. ‘ಆನ್’ನಲ್ಲಿದ್ದಾಗ ಎತ್ತರದ ಕೊಳವೆಯಿಂದ ಪೆಟ್ರೋಲ್ ಬರುತ್ತದೆ. ಮಟ್ಟ ಅದಕ್ಕಿಂತ ಕೆಳಗೆ ಇಳಿದಾಗ ಎಂಜಿನ್ ಮುಕ್ಕರಿಸುತ್ತದೆ. ಕಾಕ್ ತಿರುಗಿಸಿದರೆ ತಳದ ಬಾಯಿ ತೆರೆದು ಉಳಿದದ್ದು ಬರುತ್ತದೆ. ಫ್ಲೋಟೂ ಇಲ್ಲ, ಕರೆಂಟೂ ಇಲ್ಲ; ಹಾಗಾಗಿ ಅದರ ಎಚ್ಚರಿಕೆ ಮುಳ್ಳಿಗಿಂತ ನಂಬಿಕೆಯದ್ದಾಗಿತ್ತು. ಪೆಟ್ರೋಲ್ ಹಾಕಿಸಿದ ಮೇಲೆ ಕಾಕ್ ಅನ್ನು ಮತ್ತೆ ‘ಆನ್’ಗೆ ತಿರುಗಿಸಲು ಮರೆತವರಿಗೆ ಮಾತ್ರ ಮುಂದಿನ ಸಲ ಎಚ್ಚರಿಕೆ ಸಿಗುತ್ತಿರಲಿಲ್ಲ. ಅವರು ನೇರವಾಗಿ ಗಾಡಿ ತಳ್ಳಬೇಕಾಗುತ್ತಿತ್ತು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುಪಾಲು ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾದವು. ರಿಸರ್ವ್ ಕಾಕ್ ಹೋಯಿತು, ಅದರ ಜಾಗಕ್ಕೆ ಕಡ್ಡಿ ಮತ್ತು ದೀಪ ಬಂದವು. ಹೊಸ ಗಾಡಿಯಲ್ಲಿ ಇನ್ನೊಂದು ವಿಷಯ ನೆನಪಿಡಬೇಕು. ಪೆಟ್ರೋಲನ್ನು ಎಂಜಿನ್‌ಗೆ ತಳ್ಳುವ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ. ಅದನ್ನು ತಂಪಾಗಿಡುವುದು ಪೆಟ್ರೋಲೇ. ಪದೇ ಪದೇ ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೆ ಪಂಪ್ ಕೆಡಬಹುದು. ಅದರ ರಿಪೇರಿ ಖರ್ಚಿನ ಮುಂದೆ ಒಂದು ಲೀಟರ್ ಪೆಟ್ರೋಲಿನ ಬೆಲೆ ಏನೂ ಅಲ್ಲ.

ಗಾಡಿ ನಿಂತೇ ಹೋದರೆ ಎರಡು ಕೆಲಸ ಮಾತ್ರ ಮಾಡಬೇಡಿ. ಟ್ಯಾಂಕಿನೊಳಗೆ ಇಣುಕಿ ನೋಡಲು ಬೆಂಕಿಕಡ್ಡಿ, ಲೈಟರ್ ಹಚ್ಚಬೇಡಿ. ಇನ್ನೊಂದು ಗಾಡಿಯಿಂದ ಪೈಪಿನಲ್ಲಿ ಬಾಯಿಂದ ಎಳೆದು ಪೆಟ್ರೋಲ್ ತೆಗೆಯಬೇಡಿ. ಸ್ವಲ್ಪ ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾದಂಥ ತೀವ್ರ ತೊಂದರೆಯಾಗಬಹುದು. ಅಕಸ್ಮಾತ್ ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಸ್ಫೋಟಿಸುತ್ತದೆಯೇ?

‘ಬಿಸಿಲು ಹೆಚ್ಚಾಗಿದೆ, ಅರ್ಧ ಟ್ಯಾಂಕ್ ಮಾತ್ರ ಹಾಕಿಸಿ, ಇಂಡಿಯನ್ ಆಯಿಲ್ ಎಚ್ಚರಿಕೆ ನೀಡಿದೆ’ ಎಂಬ ಸಂದೇಶ ಬೇಸಿಗೆಯಲ್ಲಿ ಮರುಕಳಿಸುತ್ತದೆ. ಇದು ಸುಳ್ಳು. ಬೇಸಿಗೆಯಾಗಲಿ ಚಳಿಗಾಲವಾಗಲಿ, ವಾಹನ ತಯಾರಕರು ಹೇಳಿದ ಮಿತಿಯವರೆಗೆ ತುಂಬಿಸುವುದು ಸುರಕ್ಷಿತ ಎಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಸ್ಪಷ್ಟಪಡಿಸಿದೆ.

ಪೆಟ್ರೋಲ್ ಕಿಡಿ ಇಲ್ಲದೆ ತಾನಾಗಿ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಬಿಸಿ ಬೇಕು. ಬಿಸಿಲಿಗೆ ನಿಂತ ಟ್ಯಾಂಕ್ ಕೈ ಸುಡಬಹುದು, ಆದರೆ ಆ ಮಟ್ಟದ ಹತ್ತಿರವೂ ಹೋಗದು. ಆದರೂ ಮೇಲೆ ಹೇಳಿದ ಮಾತು ಮರೆಯಬೇಡಿ: ‘ಮಿತಿಯವರೆಗೆ’ ಬೇರೆ, ‘ಬಾಯಿ ಮಟ್ಟ’ ಬೇರೆ. ಬಾಯಿ ಮಟ್ಟ ತುಂಬಿಸಿದರೆ ಹಿಗ್ಗಿದ ಪೆಟ್ರೋಲ್ ಚೆಲ್ಲುತ್ತದೆ. ಚೆಲ್ಲಿದ ಪೆಟ್ರೋಲಿಗೆ ಕಿಡಿ ತಾಗಿದರೆ ಬೆಂಕಿ. ಹೊಸ ಗಾಡಿಗಳಲ್ಲಿ ಪೆಟ್ರೋಲ್ ಆವಿ ಹಿಡಿದಿಡಲು ಒಂದು ಇದ್ದಿಲು ಡಬ್ಬಿ ಇರುತ್ತದೆ. ಅದಕ್ಕೆ ಪೆಟ್ರೋಲೇ ನುಗ್ಗಿದರೆ ಅದು ಕೆಡುತ್ತದೆ.

‘ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ’ ಎಂಬುದೂ ಹಳೆಯ ನಂಬಿಕೆ. ಬಂಕಿನ ಟ್ಯಾಂಕ್ ನೆಲದಡಿ ಇರುವುದರಿಂದ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದರ ಉಷ್ಣತೆ ಹೆಚ್ಚು ಬದಲಾಗದು. ಎರಡು ಡಿಗ್ರಿ ವ್ಯತ್ಯಾಸವಾಯಿತು ಎಂದರೂ 5 ಲೀಟರಿಗೆ ಸಿಗುವ ಲಾಭ ಸುಮಾರು 10 ಮಿ.ಲೀ.; ಅಂದರೆ ಒಂದು ರೂಪಾಯಿ.

ಅನುಮಾನ ಬಂದರೆ: 5 ಲೀಟರ್ ಅಳತೆ ಕೇಳಿ

ಬಂಕಿನ ಯಂತ್ರಗಳು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿ ಬರುತ್ತವೆ. ಹಿಂದೆ ನಾವು ‘ತೂಕ ಮತ್ತು ಅಳತೆ ಇಲಾಖೆ’ ಎನ್ನುತ್ತಿದ್ದುದೇ ಇಂದಿನ ಕಾನೂನು ಮಾಪನಶಾಸ್ತ್ರ ಇಲಾಖೆ. ಪ್ರತಿ ಯಂತ್ರವನ್ನೂ ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಬೇಕು. ಆ ಪ್ರಮಾಣಪತ್ರ ಬಂಕಿನಲ್ಲಿ ಕಾಣುವಂತಿರಬೇಕು. ಮುದ್ರೆ ಬಿದ್ದ 5 ಲೀಟರ್ ಅಳತೆ ಪಾತ್ರೆಯೂ ಇರಬೇಕು.

ಕೇಳುವ ಕ್ರಮ ಹೀಗಿದೆ:

1. ಪೆಟ್ರೋಲ್ ಹಾಕುವ ಹುಡುಗ ಅಥವಾ ಹುಡುಗಿಯ ಮೇಲೆ ಕೂಗಾಡಬೇಡಿ. ಯಂತ್ರದ ಅಳತೆ ಅವರ ಕೈಯಲ್ಲಿಲ್ಲ. ಮ್ಯಾನೇಜರನ್ನು ಕರೆದು ‘5 ಲೀಟರ್ ಅಳತೆ ಪರೀಕ್ಷೆ ಮಾಡಿ ತೋರಿಸಿ’ ಎನ್ನಿ.
2. ಪಾತ್ರೆಯ ಮೇಲೆ ಸರ್ಕಾರಿ ಮುದ್ರೆ ಇದೆಯೇ ನೋಡಿ. ಪಾತ್ರೆ ಸಮ ನೆಲದ ಮೇಲಿರಲಿ, ಅದರಲ್ಲಿ ಮೊದಲೇ ಪೆಟ್ರೋಲ್ ಉಳಿದಿರದಿರಲಿ.
3. ನೀವು ಹಾಕಿಸಿದ ಅದೇ ಯಂತ್ರದ ಅದೇ ನಳಿಕೆಯಿಂದ, ಸೊನ್ನೆಯಿಂದ ಶುರುಮಾಡಿ, ಯಂತ್ರ 5.00 ತೋರಿಸುವವರೆಗೆ ಹಾಕಿಸಿ.
4. ಪಾತ್ರೆಯ ಕುತ್ತಿಗೆಯ ಗೆರೆ ನೋಡಿ. 5 ಲೀಟರಿಗೆ 25 ಮಿ.ಲೀ.ವರೆಗಿನ ಹೆಚ್ಚು ಕಡಿಮೆಗೆ ನಿಯಮದಲ್ಲಿ ಅವಕಾಶವಿದೆ. ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಲು ಆಧಾರ ಸಿಕ್ಕಿತು ಎಂದರ್ಥ.
5. ಬಿಲ್ ಇಟ್ಟುಕೊಳ್ಳಿ. ಬಂಕಿನ ದೂರು ಪುಸ್ತಕದಲ್ಲಿ ಯಂತ್ರದ ಸಂಖ್ಯೆ, ಸಮಯ, ಬಂದ ಅಳತೆ ಬರೆಯಿರಿ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ.

ಪರೀಕ್ಷೆ ಮಾಡಲು ನಿರಾಕರಿಸಿದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಪರೀಕ್ಷೆಯಲ್ಲಿ ಅಳತೆ ಸರಿ ಬಂದರೆ ಆ ಯಂತ್ರದ ಮೇಲಿನ ನಿಮ್ಮ ಅನುಮಾನವನ್ನು ಅಲ್ಲಿಗೇ ಬಿಡಬಹುದು.

ನಿಮ್ಮ ಗಾಡಿಯ ಲೆಕ್ಕ ನೀವೇ ಮಾಡಿಕೊಳ್ಳಿ

ಮುಳ್ಳಿಗಿಂತ ನಂಬಿಕೆಯ ಉಪಕರಣ ನಿಮ್ಮ ಗಾಡಿಯಲ್ಲೇ ಇದೆ, ಕಿ.ಮೀ. ತೋರಿಸುವ ಮೀಟರ್. ಒಮ್ಮೆ ಕುತ್ತಿಗೆಯ ಕೆಳ ಅಂಚಿನವರೆಗೆ ಫುಲ್ ಮಾಡಿಸಿ ಕಿ.ಮೀ. ಬರೆದಿಟ್ಟುಕೊಳ್ಳಿ. ಎಂದಿನಂತೆ ಓಡಿಸಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ. ನಡುವೆ 275 ಕಿ.ಮೀ. ಓಡಿ, ಎರಡನೇ ಸಲ 5 ಲೀಟರ್ ಹಿಡಿದಿದ್ದರೆ ನಿಮ್ಮ ಮೈಲೇಜ್ ಲೀಟರಿಗೆ 55 ಕಿ.ಮೀ. ಎರಡು ಮೂರು ಸಲ ಹೀಗೆ ಮಾಡಿದರೆ ಸರಾಸರಿ ಸಿಗುತ್ತದೆ. ಪ್ರತಿ ಕಡ್ಡಿ ಇಳಿದಾಗ ಎಷ್ಟು ಕಿ.ಮೀ. ಆಗಿತ್ತು ಎಂದು ಫೋನಿನಲ್ಲಿ ಬರೆದುಕೊಂಡರೆ ನಿಮ್ಮ ಮೀಟರಿನ ಸ್ವಭಾವವೂ ತಿಳಿಯುತ್ತದೆ.

ದೀಪ ಉರಿದಾಗ ಎಷ್ಟು ಉಳಿದಿರುತ್ತದೆ ಎಂದು ಗಾಡಿಯ ಪುಸ್ತಕದಲ್ಲಿರುತ್ತದೆ. ಅದು 1.5 ಲೀಟರ್ ಎಂದಿದ್ದರೆ ಲೆಕ್ಕಕ್ಕೆ 80 ಕಿ.ಮೀ. ದಾಟಬೇಕು. ಅದರ ಅರ್ಧವನ್ನಷ್ಟೇ ನಂಬಿ, 40 ಕಿ.ಮೀ. ಎಂದರೆ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರ ಮುಟ್ಟುವಷ್ಟು. ಹಿಂದೆ ಗೂಡಿನ ಮೂಟೆಯೋ ಹಾಲಿನ ಕ್ಯಾನೋ ಇದ್ದರೆ ಅದಕ್ಕಿಂತಲೂ ಕಡಿಮೆ ಎಂದುಕೊಳ್ಳಿ.

ಹಳೆಯ ಮೈಲೇಜ್ ಲೆಕ್ಕವನ್ನು ಈಗ ಮತ್ತೆ ಮಾಡಬೇಕಾದ ಕಾರಣವೂ ಇದೆ. ಈಗ ಬರುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶೇ 20ರ ಮಿಶ್ರಣಕ್ಕೆಂದು ತಯಾರಾಗದ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4ರಷ್ಟು ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿ ಅಂದಾಜಿಸಿತ್ತು. ‘ಮೊದಲು ಇಷ್ಟೇ ದುಡ್ಡಿಗೆ ಹೆಚ್ಚು ಓಡುತ್ತಿತ್ತು’ ಎಂದು ಅನ್ನಿಸಿದರೆ, ಬಂಕಿನ ಅಳತೆಯಲ್ಲದೆ ಇದೂ ಒಂದು ಕಾರಣವಾಗಿರಬಹುದು.

ಹಂಚುವ ಮುನ್ನ

‘9.8 ಲೀಟರ್ ಟ್ಯಾಂಕಿಗೆ 10.3 ಲೀಟರ್ ಹಾಕಿದರು, ಆದ್ದರಿಂದ ಮೋಸ’ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಆ ಬಿಲ್ಲಿನಿಂದ ಮೋಸವೂ ಸಾಬೀತಾಗುವುದಿಲ್ಲ, ಪ್ರಾಮಾಣಿಕತೆಯೂ ಸಾಬೀತಾಗುವುದಿಲ್ಲ. ಬಿಲ್ಲಿನ ಫೋಟೊ ನೂರು ಗುಂಪಿಗೆ ಹೋದರೆ ಒಂದು ಬಂಕಿನ ಹೆಸರು ಕೆಡುತ್ತದೆ, ಆದರೆ ನಿಜಕ್ಕೂ ಕಡಿಮೆ ಹಾಕುವ ಯಂತ್ರವೊಂದೂ ನಿಲ್ಲುವುದಿಲ್ಲ. ಮುಂದಿನ ಸಲ ಗುಂಪಿನಲ್ಲಿ ಯಾರಾದರೂ ಇಂಥ ಬಿಲ್ ಹಾಕಿದರೆ ಒಂದೇ ಪ್ರಶ್ನೆ ಕೇಳಿ: ‘5 ಲೀಟರ್ ಅಳತೆಯಲ್ಲಿ ಎಷ್ಟು ಬಂತು?’